ಸಸ್ಯಜನ್ಯ ಸುಗಂಧ ತೈಲಗಳ ಬ್ಯಾಕ್ಟೀರಿಯ-ನಿರೋಧಕ ಗುಣ: ಪ್ರಯೋಗಾಲಯದ ಪರೀಕ್ಷೆ ಮತ್ತು ಅದರ ಅರ್ಥ

ಪೀಠಿಕೆ

ಹಾಸನ ಜಿಲ್ಲೆಯ ನೆಲ ಒಂದೇ ಬಗೆಯದಲ್ಲ. ಪಶ್ಚಿಮದಲ್ಲಿ ಸಕಲೇಶಪುರದ ಕಡೆ ಏಲಕ್ಕಿ, ಮೆಣಸು, ಕಾಫಿ ಬೆಳೆಯುವ ಮಲೆನಾಡು. ಪೂರ್ವದಲ್ಲಿ ಚನ್ನರಾಯಪಟ್ಟಣದ ತೆಂಗಿನ ತೋಟಗಳ ಬಯಲುಸೀಮೆ. ಇವುಗಳ ನಡುವೆ ಆಲೂಗೆಡ್ಡೆ ಮತ್ತು ಶುಂಠಿಗೆ ಹೆಸರಾದ ಹಾಸನದ ಸುತ್ತಣ ಹೊಲಗಳು, ಹೇಮಾವತಿಯ ದಡದ ಹೊಳೆನರಸೀಪುರ, ಹೇಮಾವತಿ ಮತ್ತು ಕಾವೇರಿ ಎರಡರ ನೀರನ್ನೂ ಕಂಡ ಅರಕಲಗೂಡು. ನೆಲ ಹೀಗೆ ಬೇರೆಬೇರೆಯಾದರೂ ಈ ತಾಲ್ಲೂಕುಗಳ ಹಿತ್ತಿಲುಗಳಲ್ಲಿ ಕಾಣುವ ಕೆಲವು ಗಿಡಗಳು ಮಾತ್ರ ಎಲ್ಲೆಡೆಯೂ ಅವೇ. ತುಲಸಿ, ದೊಡ್ಡಪತ್ರೆ, ಮಜ್ಜಿಗೆಹುಲ್ಲು, ಕರಿಬೇವು, ಬೇಲಿಯ ಲಕ್ಕಿ, ರಸ್ತೆಬದಿಯ ನೀಲಗಿರಿ ಇವುಗಳ ಪರಿಚಯವಿಲ್ಲದ ಹಳ್ಳಿಯ ವಿದ್ಯಾರ್ಥಿ ವಿರಳ.

ಈ ಗಿಡಗಳನ್ನೆಲ್ಲ ಒಂದುಗೂಡಿಸುವ ಲಕ್ಷಣವೆಂದರೆ ಅವುಗಳ ವಾಸನೆ. ಎಲೆಯನ್ನು ಬೆರಳುಗಳ ನಡುವೆ ಉಜ್ಜಿದೊಡನೆ ಹೊಮ್ಮುವ ಆ ಪರಿಮಳಕ್ಕೆ ಕಾರಣವಾದ ದ್ರವ್ಯವೇ ಸುಗಂಧ ತೈಲ. ಶೀತವಾದ ಮಗುವಿಗೆ ದೊಡ್ಡಪತ್ರೆಯ ರಸ, ಹಲ್ಲುನೋವಿಗೆ ಲವಂಗ, ಬಾಣಂತಿಯ ಸ್ನಾನಕ್ಕೆ ಲಕ್ಕಿ ಸೊಪ್ಪಿನ ಬಿಸಿನೀರು ಇವೆಲ್ಲ ತಲೆಮಾರುಗಳಿಂದ ನಡೆದುಬಂದ ಬಳಕೆಗಳು. ಈ ಬಳಕೆಗಳ ಹಿಂದೆ ಅನುಭವವಿದೆ ಎಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅನುಭವವು ಒಂದು ಪ್ರಶ್ನೆಗೆ ಖಚಿತವಾದ ಉತ್ತರವನ್ನು ಕೊಡಲಾರದು: ಈ ತೈಲಗಳು ರೋಗಕಾರಕ ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ನಿಜವಾಗಿಯೂ ತಡೆಯುತ್ತವೆಯೆ? ತಡೆಯುವುದಾದರೆ ಎಷ್ಟು ಪ್ರಮಾಣದಲ್ಲಿ, ಯಾವ ಬ್ಯಾಕ್ಟೀರಿಯವನ್ನು, ಯಾವುದಕ್ಕೆ ಹೋಲಿಸಿದಾಗ? ಈ ಪ್ರಶ್ನೆಗಳನ್ನು ಪ್ರಯೋಗಾಲಯದಲ್ಲಿ ಕೇಳುವ ಕ್ರಮವೇನು ಮತ್ತು ಅಲ್ಲಿ ದೊರೆತ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಎರಡು ಬಗೆಯ ಎಣ್ಣೆ

ಎಣ್ಣೆ ಎಂಬ ಒಂದೇ ಶಬ್ದದಿಂದ ಎರಡು ಭಿನ್ನ ವಸ್ತುಗಳನ್ನು ಕರೆಯುವುದು ರೂಢಿ. ತೆಂಗಿನೆಣ್ಣೆ, ಹರಳೆಣ್ಣೆ, ಹುಚ್ಚೆಳ್ಳೆಣ್ಣೆಗಳು ಸ್ಥಿರ ತೈಲಗಳು; ಇವು ಕೊಬ್ಬಿನ ಜಾತಿಗೆ ಸೇರಿದವು, ಗಾಣದಲ್ಲಿ ಹಿಂಡಿ ತೆಗೆಯತಕ್ಕವು. ನೀಲಗಿರಿ ಎಣ್ಣೆ, ಲವಂಗದೆಣ್ಣೆ, ಗಂಧದೆಣ್ಣೆಗಳು ಆವಿಯಾಗಿ ಹೋಗಬಲ್ಲ ತೈಲಗಳು. ಇವನ್ನು ಸಾಮಾನ್ಯವಾಗಿ ಬಟ್ಟಿ ಇಳಿಸಿ ಪಡೆಯಬೇಕು. ಎರಡರ ವ್ಯತ್ಯಾಸವನ್ನು ತಿಳಿಯಲು ಒಂದು ತುಂಡು ಕಾಗದ ಸಾಕು. ಅದರ ಮೇಲೆ ಒಂದು ಹನಿ ತೆಂಗಿನೆಣ್ಣೆಯನ್ನೂ ದೂರದಲ್ಲಿ ಒಂದು ಹನಿ ನೀಲಗಿರಿ ಎಣ್ಣೆಯನ್ನೂ ಹಾಕಿಟ್ಟರೆ, ಮರುದಿನ ಮೊದಲನೆಯದರ ಕಲೆ ಹಾಗೆಯೇ ಉಳಿದಿರುತ್ತದೆ. ಎರಡನೆಯದು ಬಹುಮಟ್ಟಿಗೆ ಮಾಯವಾಗಿರುತ್ತದೆ. ಈ ಸಣ್ಣ ಸಂಗತಿಯನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಮುಂದೆ ವಿವರಿಸಲಿರುವ ಪರೀಕ್ಷೆಯಲ್ಲಿ ಉಂಟಾಗುವ ಹಲವು ತಪ್ಪುಗಳಿಗೆ ತೈಲದ ಈ ಆವಿಯಾಗುವ ಗುಣವೇ ಮೂಲ.

ಸುಗಂಧ ತೈಲವು ಒಂದೇ ರಾಸಾಯನಿಕವಲ್ಲ; ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಸಂಯುಕ್ತಗಳ ಮಿಶ್ರಣ. ಆದರೂ ಪ್ರತಿಯೊಂದು ತೈಲದಲ್ಲಿ ಒಂದೆರಡು ಘಟಕಗಳು ಪ್ರಧಾನವಾಗಿರುವುದು ಸಾಮಾನ್ಯ. ಮಜ್ಜಿಗೆಹುಲ್ಲಿನ ತೈಲದಲ್ಲಿ ಸಿಟ್ರಾಲ್, ಲವಂಗದಲ್ಲಿ ಯೂಜಿನಾಲ್, ಓಮದಲ್ಲಿ ಥೈಮಾಲ್, ದೊಡ್ಡಪತ್ರೆಯಲ್ಲಿ ಬಹುಮಟ್ಟಿಗೆ ಕಾರ್ವಕ್ರಾಲ್ ಮತ್ತು ಥೈಮಾಲ್, ನೀಲಗಿರಿಯಲ್ಲಿ ಸಿನಿಯೋಲ್, ದಾಲ್ಚಿನ್ನಿಯ ತೊಗಟೆಯಲ್ಲಿ ಸಿನಮಾಲ್ಡಿಹೈಡ್, ಶ್ರೀಗಂಧದಲ್ಲಿ ಸ್ಯಾಂಟಲಾಲ್. ಏಲಕ್ಕಿಯ ತೈಲದಲ್ಲಿ ಸಿನಿಯೋಲಿನೊಡನೆ ಟರ್ಪಿನೈಲ್ ಅಸಿಟೇಟ್ ಸೇರಿರುತ್ತದೆ. ಇವುಗಳಲ್ಲಿ ಥೈಮಾಲ್, ಕಾರ್ವಕ್ರಾಲ್, ಯೂಜಿನಾಲ್‌ಗಳು ಫೀನಾಲ್ ವರ್ಗಕ್ಕೆ ಸೇರಿದವು. ಬ್ಯಾಕ್ಟೀರಿಯದ ಕೋಶವನ್ನು ಸುತ್ತುವರಿದ ಕೊಬ್ಬಿನಂಶದ ಪೊರೆಯಲ್ಲಿ ಇವು ಸೇರಿಕೊಂಡು ಅದನ್ನು ಸಡಿಲಗೊಳಿಸುತ್ತವೆ. ಆಗ ಕೋಶದೊಳಗಿನ ಲವಣಾಂಶಗಳು ಹೊರಕ್ಕೆ ಸೋರಿ, ಬೆಳವಣಿಗೆ ನಿಲ್ಲುತ್ತದೆ. ಪ್ರಮಾಣ ಹೆಚ್ಚಾದರೆ ಕೋಶ ಸಾಯುತ್ತದೆ.

ಎಲ್ಲ ಬ್ಯಾಕ್ಟೀರಿಯಗಳೂ ಒಂದೇ ರೀತಿಯಲ್ಲಿ ಮಣಿಯುವುದಿಲ್ಲ. ಡೆನ್ಮಾರ್ಕಿನ ಗ್ರಾಂ ಎಂಬ ವಿಜ್ಞಾನಿ 1884ರಲ್ಲಿ ಪ್ರಕಟಿಸಿದ ವರ್ಣಲೇಪನ ಕ್ರಮದಂತೆ ಅವುಗಳನ್ನು ಗ್ರಾಂ-ಧನ ಮತ್ತು ಗ್ರಾಂ-ಋಣ ಎಂದು ವಿಂಗಡಿಸುತ್ತಾರೆ. ಗ್ರಾಂ-ಋಣ ಬ್ಯಾಕ್ಟೀರಿಯಗಳಿಗೆ ಹೊರಗೆ ಇನ್ನೊಂದು ಪೊರೆಯಿದ್ದು, ಅದು ಎಣ್ಣೆಯ ಸ್ವಭಾವದ ವಸ್ತುಗಳ ಪ್ರವೇಶಕ್ಕೆ ತಡೆಯೊಡ್ಡುತ್ತದೆ. ಆದ್ದರಿಂದಲೇ ಹುಣ್ಣು, ಕೀವುಗಳಲ್ಲಿ ಕಾಣುವ ಗ್ರಾಂ-ಧನ ಸ್ಟೆಫಿಲೊಕಾಕಸ್ ಆರಿಯಸ್ ಅನೇಕ ತೈಲಗಳಿಗೆ ಸುಲಭವಾಗಿ ಮಣಿದರೆ, ಗ್ರಾಂ-ಋಣ ಸ್ಯೂಡೊಮೊನಾಸ್ ಎರುಜಿನೋಸ ಬಹುಪಾಲು ತೈಲಗಳನ್ನು ತಾಳಿಕೊಳ್ಳುತ್ತದೆ.

ಗಂಧದೆಣ್ಣೆಯ ನಿದರ್ಶನ

ಸುಗಂಧ ತೈಲಗಳ ವೈಜ್ಞಾನಿಕ ಅಧ್ಯಯನಕ್ಕೆ ಕರ್ನಾಟಕದಲ್ಲಿ ಶ್ರೀಗಂಧವೇ ಹೆಬ್ಬಾಗಿಲಾಯಿತು. ಗಂಧದ ಮರವು ಸರ್ಕಾರದ ಸ್ವತ್ತಾಗಿದ್ದ ಕಾಲದ ನೆನಪನ್ನು ಹಾಸನ ನಗರದಲ್ಲಿ ಗಂಧದ ಕೋಠಿ ಎಂಬ ಹೆಸರು ಇಂದಿಗೂ ಉಳಿಸಿಕೊಂಡಿದೆ. ಮೊದಲನೆಯ ಮಹಾಯುದ್ಧಕ್ಕೆ ಮುನ್ನ ಮೈಸೂರು ಸಂಸ್ಥಾನದ ಗಂಧದ ಕೊರಡುಗಳು ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಯುದ್ಧದಿಂದ ಆ ವ್ಯಾಪಾರ ನಿಂತಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆ ಇಳಿಸುವ ಪ್ರಯೋಗಗಳನ್ನು ನಡೆಸಿದರು. ಅದರ ಫಲವಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1916ರಲ್ಲಿ, ಸಂಸ್ಥಾನದ ಗಂಧದೆಣ್ಣೆಯ ಉದ್ಯಮ ಆರಂಭವಾಯಿತು.

ಆ ದಿನಗಳಲ್ಲಿ ಗಂಧದೆಣ್ಣೆ ಕೇವಲ ಪರಿಮಳ ದ್ರವ್ಯವಾಗಿರಲಿಲ್ಲ. ಮೂತ್ರನಾಳದ ಸೋಂಕುಗಳಿಗೆ ಅದನ್ನು ಗುಳಿಗೆಗಳಲ್ಲಿ ತುಂಬಿ ಔಷಧವಾಗಿ ಕೊಡುತ್ತಿದ್ದರು. ಪಾಶ್ಚಾತ್ಯ ಔಷಧಕೋಶಗಳಲ್ಲಿ ಅದಕ್ಕೆ ಸ್ಥಾನವಿತ್ತು. 1930ರ ದಶಕದಲ್ಲಿ ಸಲ್ಫಾ ಔಷಧಗಳೂ 1940ರ ದಶಕದಲ್ಲಿ ಪೆನಿಸಿಲಿನ್ನೂ ಬಂದ ಮೇಲೆ ಆ ಬಳಕೆ ಹಿಂದೆ ಸರಿಯಿತು. ಗಂಧದೆಣ್ಣೆಯ ಸ್ಯಾಂಟಲಾಲ್ ಪ್ರಯೋಗಾಲಯದ ತಟ್ಟೆಯಲ್ಲಿ ಕೆಲವು ಬ್ಯಾಕ್ಟೀರಿಯಗಳನ್ನು ತಡೆಯುತ್ತದೆ ಎಂಬುದು ಇಂದಿಗೂ ಸತ್ಯ. ಆದರೆ ಅದಕ್ಕಿಂತ ಅತ್ಯಲ್ಪ ಪ್ರಮಾಣದಲ್ಲಿ, ದೇಹದೊಳಗೇ, ಖಚಿತವಾಗಿ ಕೆಲಸಮಾಡುವ ಔಷಧ ಪಕ್ಕದಲ್ಲಿ ಬಂದು ನಿಂತಾಗ ಹಳೆಯದರ ನಿಜವಾದ ಬಲ ಎಷ್ಟೆಂಬುದು ತಿಳಿಯಿತು. ಒಂದು ತೈಲದ ಶಕ್ತಿಯನ್ನು ಹೋಲಿಕೆಯಿಲ್ಲದೆ ಅಳೆಯಲಾಗದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಸಸ್ಯದ ಆಯ್ಕೆ ಮತ್ತು ತೈಲ ಸಂಗ್ರಹ

ಪರೀಕ್ಷೆಯ ಮೊದಲ ಹೆಜ್ಜೆ ಗಿಡವನ್ನು ಸರಿಯಾಗಿ ಗುರುತಿಸುವುದು. ಜನಬಳಕೆಯ ಹೆಸರುಗಳು ಈ ಕೆಲಸಕ್ಕೆ ಸಾಲವು. ತುಲಸಿ ಎಂಬ ಹೆಸರಿನಲ್ಲಿ ಶ್ರೀತುಲಸಿ, ಕೃಷ್ಣತುಲಸಿಗಳಿವೆ. ಕಾಮಕಸ್ತೂರಿ ಮತ್ತು ನಾಯಿತುಲಸಿಗಳನ್ನೂ ಕೆಲವರು ಅದರೊಡನೆ ಬೆರೆಸುವುದುಂಟು. ಮಜ್ಜಿಗೆಹುಲ್ಲಿನಲ್ಲಿಯೂ ಒಂದಕ್ಕಿಂತ ಹೆಚ್ಚು ಜಾತಿಗಳಿವೆ. ಆದ್ದರಿಂದ ಹೂ ಅಥವಾ ಹಣ್ಣು ಸಹಿತವಾದ ಒಂದು ಕೊಂಬೆಯನ್ನು ಒತ್ತಿ ಒಣಗಿಸಿ, ಸಂಗ್ರಹಿಸಿದ ಊರು, ದಿನಾಂಕಗಳನ್ನು ಬರೆದು, ಸಸ್ಯಶಾಸ್ತ್ರಜ್ಞರಿಂದ ಶಾಸ್ತ್ರೀಯ ನಾಮವನ್ನು ಖಚಿತಪಡಿಸಿಕೊಳ್ಳಬೇಕು. ಒಂದೇ ಜಾತಿಯ ಗಿಡವೂ ನೆಲ, ಋತು, ಕೊಯ್ಲಿನ ಕಾಲಗಳಿಗೆ ಅನುಸಾರವಾಗಿ ಬೇರೆಬೇರೆ ಪ್ರಮಾಣದ ಘಟಕಗಳನ್ನು ಕೊಡುತ್ತದೆ. ಕೆಲವು ತುಲಸಿ ಗಿಡಗಳಲ್ಲಿ ಯೂಜಿನಾಲ್ ಪ್ರಧಾನವಾದರೆ ಇನ್ನು ಕೆಲವುಗಳಲ್ಲಿ ಮೀಥೈಲ್ ಯೂಜಿನಾಲ್ ಪ್ರಧಾನ. ಹೀಗಿರುವಾಗ ಅರಕಲಗೂಡಿನ ಒಂದು ಹಿತ್ತಿಲಿನ ತುಲಸಿಯಿಂದ ಬಂದ ಫಲಿತಾಂಶ ಚನ್ನರಾಯಪಟ್ಟಣದ ತುಲಸಿಗೂ ಅನ್ವಯಿಸಲೇಬೇಕೆಂಬ ನಿಯಮವಿಲ್ಲ. ಸಾಧ್ಯವಿದ್ದಲ್ಲಿ ಅನಿಲ ವರ್ಣಲೇಖನ ಯಂತ್ರದಿಂದ ತೈಲದ ಘಟಕಗಳನ್ನು ವಿಶ್ಲೇಷಿಸಿಯೇ ಮುಂದುವರಿಯುವುದು ಉತ್ತಮ ಕ್ರಮ.

ತೈಲವನ್ನು ಇಳಿಸಲು ಪ್ರಯೋಗಾಲಯಗಳಲ್ಲಿ ಬಳಸುವುದು ಕ್ಲೆವೆಂಜರ್ ಎಂಬಾತ 1928ರಲ್ಲಿ ವಿವರಿಸಿದ ಗಾಜಿನ ಉಪಕರಣ. ದುಂಡುತಳದ ಗಾಜಿನ ಬುರುಡೆಯಲ್ಲಿ ಕತ್ತರಿಸಿದ ಎಲೆಯನ್ನೂ ನೀರನ್ನೂ ಹಾಕಿ ಕುದಿಸಿದಾಗ ನೀರಿನ ಆವಿಯೊಡನೆ ತೈಲದ ಆವಿಯೂ ಮೇಲೇರುತ್ತದೆ. ತಣ್ಣೀರು ಹರಿಯುವ ಶೀತಕದಲ್ಲಿ ಎರಡೂ ಮರಳಿ ದ್ರವವಾಗಿ, ಅಂಕಗಳುಳ್ಳ ಕೊಳವೆಯಲ್ಲಿ ಸಂಗ್ರಹವಾಗುತ್ತವೆ. ನೀರಿಗಿಂತ ಹಗುರವಾದ ತೈಲ ಮೇಲೆ ತೇಲುತ್ತದೆ; ನೀರು ಮತ್ತೆ ಬುರುಡೆಗೆ ಇಳಿದುಹೋಗುತ್ತದೆ. ಸುಮಾರು 3 ಗಂಟೆಗಳ ಕಾಲ ಈ ಕ್ರಿಯೆ ನಡೆಯುತ್ತದೆ. ದೊರೆಯುವ ತೈಲವಾದರೋ ಅತ್ಯಲ್ಪ: 100 ಗ್ರಾಂ ಹಸಿ ಮಜ್ಜಿಗೆಹುಲ್ಲಿನಿಂದ ಬರುವುದು ಸಾಮಾನ್ಯವಾಗಿ ಅರ್ಧ ಮಿಲಿಲೀಟರಿನ ಆಸುಪಾಸು. ಅದರಲ್ಲಿ ಉಳಿದ ನೀರಿನಂಶವನ್ನು ನಿರ್ಜಲ ಸೋಡಿಯಂ ಸಲ್ಫೇಟಿನಿಂದ ತೆಗೆದು, ಕಂದು ಬಣ್ಣದ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ, 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಬೆಳಕು ಮತ್ತು ಗಾಳಿಗೆ ಸಿಕ್ಕಿದ ತೈಲ ಕ್ರಮೇಣ ಬೇರೆ ವಸ್ತುವೇ ಆಗಿಬಿಡುತ್ತದೆ.

ತಟ್ಟೆಯ ಪರೀಕ್ಷೆ

ರಾಬರ್ಟ್ ಕಾಕ್‌ನ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಗಳನ್ನು ಬೆಳೆಸಲು ಕಡಲಪಾಚಿಯಿಂದ ತೆಗೆದ ಅಗಾರ್ ಎಂಬ ಅಂಟುದ್ರವ್ಯವನ್ನು ಬಳಸಬಹುದೆಂದು ಸೂಚಿಸಿದವಳು ಫ್ಯಾನಿ ಹೆಸ್ಸೆ ಎಂಬ ಗೃಹಿಣಿ. ತನ್ನ ಅಡುಗೆಮನೆಯಲ್ಲಿ ಅದರ ಗುಣವನ್ನು ಆಕೆ ಬಲ್ಲವಳಾಗಿದ್ದಳು. ಮುಚ್ಚಳವುಳ್ಳ ಚಪ್ಪಟೆ ಗಾಜಿನ ತಟ್ಟೆಯನ್ನು 1887ರಲ್ಲಿ ಪೆಟ್ರಿ ವಿವರಿಸಿದನು. ಅದೇ ವರ್ಷ ಫ್ರಾನ್ಸಿನಲ್ಲಿ, ಪಾಸ್ಚರನ ಸಹೋದ್ಯೋಗಿಯಾಗಿದ್ದ ಶಾಂಬರ್‌ಲಾಂಡ್, ಸುಗಂಧ ತೈಲಗಳ ರೋಗಾಣುನಿರೋಧಕ ಗುಣವನ್ನು ಪರೀಕ್ಷಿಸಿ ಬರೆದನು. ಅಲೆಗ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಬೂಷ್ಟಿನ ಸುತ್ತ ಬ್ಯಾಕ್ಟೀರಿಯಗಳು ಕರಗಿದ್ದುದನ್ನು ಕಂಡದ್ದೂ ಇಂತಹ ತಟ್ಟೆಯಲ್ಲಿಯೇ. ಔಷಧದಲ್ಲಿ ತೊಯ್ಸಿದ ಕಾಗದದ ಬಿಲ್ಲೆಯನ್ನಿಟ್ಟು ಅದರ ಸುತ್ತಣ ವಲಯವನ್ನು ಅಳೆಯುವ ಕ್ರಮವನ್ನು ಬಾಯರ್, ಕಿರ್ಬಿ ಮತ್ತು ಅವರ ಸಂಗಡಿಗರು 1966ರಲ್ಲಿ ಒಂದು ನಿಯತ ರೂಪಕ್ಕೆ ತಂದರು.

ಪರೀಕ್ಷೆಯ ಹಂತಗಳು ಹೀಗಿವೆ. ಮೊದಲು ಮ್ಯೂಲರ್-ಹಿಂಟನ್ ಅಗಾರನ್ನು 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 15 ನಿಮಿಷ ಒತ್ತಡದ ಹಬೆಯಿಂದ ಕ್ರಿಮಿಶುದ್ಧಗೊಳಿಸಿ, ತಟ್ಟೆಗಳಿಗೆ ಸುಮಾರು 4 ಮಿಲಿಮೀಟರ್ ದಪ್ಪವಾಗಿ ಸುರಿಯಬೇಕು. ಅಗಾರ್ ದಪ್ಪವಾದರೆ ವಲಯ ಕಿರಿದಾಗುತ್ತದೆ, ತೆಳುವಾದರೆ ಹಿರಿದಾಗುತ್ತದೆ. ಎರಡನೆಯದಾಗಿ, ಬ್ಯಾಕ್ಟೀರಿಯದ ದ್ರಾವಣವನ್ನು ಒಂದು ನಿಶ್ಚಿತ ಮಬ್ಬಿಗೆ ಹೊಂದಿಸಬೇಕು. ಇದಕ್ಕೆ ಮ್ಯಾಕ್‌ಫಾರ್‌ಲಂಡ್ ಮಾನದ 0.5 ಅಂಕವನ್ನು ಅನುಸರಿಸುತ್ತಾರೆ; ಆ ಮಬ್ಬಿನಲ್ಲಿ ಮಿಲಿಲೀಟರಿಗೆ ಸುಮಾರು 15 ಕೋಟಿ ಕೋಶಗಳಿರುತ್ತವೆ. ಮೂರನೆಯದಾಗಿ, ಹತ್ತಿಯ ಕಡ್ಡಿಯಿಂದ ಈ ದ್ರಾವಣವನ್ನು ಅಗಾರಿನ ಮೇಲೆ ಎಲ್ಲ ದಿಕ್ಕಿಗೂ ಸಮನಾಗಿ ಸವರಬೇಕು. ನಾಲ್ಕನೆಯದಾಗಿ, 6 ಮಿಲಿಮೀಟರ್ ವ್ಯಾಸದ ಶುದ್ಧ ಕಾಗದದ ಬಿಲ್ಲೆಯನ್ನಿಟ್ಟು ಅದಕ್ಕೆ 10 ಮೈಕ್ರೋಲೀಟರ್ ತೈಲವನ್ನು ಹಾಕಬೇಕು. ಕೊನೆಯದಾಗಿ, ತಟ್ಟೆಗಳನ್ನು 35ರಿಂದ 37 ಡಿಗ್ರಿಯ ಕಾವುಪೆಟ್ಟಿಗೆಯಲ್ಲಿ 16ರಿಂದ 18 ಗಂಟೆಗಳ ಕಾಲ ಇಡಬೇಕು.

ಮರುದಿನ ತಟ್ಟೆಯ ಮೇಲೆಲ್ಲ ಬ್ಯಾಕ್ಟೀರಿಯ ತೆಳ್ಳನೆಯ ಬಿಳಿಯ ಹಾಸಿನಂತೆ ಹಬ್ಬಿರುತ್ತದೆ. ತೈಲ ಪರಿಣಾಮಕಾರಿಯಾಗಿದ್ದಲ್ಲಿ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿಯಾದ ಉಂಗುರವೊಂದು ಕಾಣುತ್ತದೆ. ಇದೇ ಪ್ರತಿಬಂಧಕ ವಲಯ. ಬಿಲ್ಲೆಯನ್ನೂ ಸೇರಿಸಿ ಅದರ ವ್ಯಾಸವನ್ನು ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ.

ಈ ಪರೀಕ್ಷೆಯೊಡನೆ ಇನ್ನೆರಡು ಬಿಲ್ಲೆಗಳಿರಲೇಬೇಕು. ಒಂದು, ತೈಲವನ್ನು ತೆಳುಗೊಳಿಸಲು ಬಳಸಿದ ದ್ರಾವಕವನ್ನು ಮಾತ್ರ ಹಾಕಿದ ಬಿಲ್ಲೆ. ಅದರ ಸುತ್ತಲೂ ಉಂಗುರ ಮೂಡಿದರೆ, ತೈಲದ್ದೆಂದು ಭಾವಿಸಿದ ಗುಣ ದ್ರಾವಕದ್ದೇ ಇರಬಹುದು. ಇನ್ನೊಂದು, ಗುಣ ತಿಳಿದಿರುವ ಪ್ರತಿಜೈವಿಕದ ಬಿಲ್ಲೆ. 10 ಮೈಕ್ರೋಗ್ರಾಂ ಜೆಂಟಮೈಸಿನ್ ಇರುವ ಬಿಲ್ಲೆಯು ಅಂತಾರಾಷ್ಟ್ರೀಯ ಮಾದರಿ ತಳಿಯ ಎಶ್ಚೆರಿಶಿಯ ಕೋಲೈ ಮೇಲೆ 19ರಿಂದ 26 ಮಿಲಿಮೀಟರ್ ವಲಯವನ್ನು ಕೊಡಬೇಕೆಂಬುದು ಅಂಗೀಕೃತ ಮಾನ. ಅದು ಈ ಮಿತಿಯ ಹೊರಗೆ ಹೋದಲ್ಲಿ ಆ ದಿನದ ಫಲಿತಾಂಶಗಳೆಲ್ಲವನ್ನೂ, ಎಷ್ಟೇ ಆಕರ್ಷಕವಾಗಿದ್ದರೂ, ಬದಿಗಿಡಬೇಕು. ಪ್ರತಿಯೊಂದು ಪರೀಕ್ಷೆಯನ್ನೂ ಕನಿಷ್ಠ ಮೂರು ಬಾರಿ ಮಾಡಿ ಸರಾಸರಿಯನ್ನು ತೆಗೆಯುವುದು ವಾಡಿಕೆ.

ವಲಯವನ್ನು ಓದುವ ಬಗೆ

ಉಂಗುರವನ್ನು ಕಾಣುವುದು ಸುಲಭ. ಅದರ ಅರ್ಥವನ್ನು ತಿಳಿಯುವುದು ಕಷ್ಟ. ಇಲ್ಲಿ ಮೂರು ಸಂಗತಿಗಳನ್ನು ವಿಶೇಷವಾಗಿ ಗಮನಿಸಬೇಕು.

ಮೊದಲನೆಯದು ಹರಡುವಿಕೆ. ಅಗಾರಿನಲ್ಲಿ ಬಹುಭಾಗ ನೀರು. ಜೆಂಟಮೈಸಿನ್ ನೀರಿನಲ್ಲಿ ಕರಗುವುದರಿಂದ ಸುಲಭವಾಗಿ ಹರಡುತ್ತದೆ. ಎಣ್ಣೆ ನೀರಿನಲ್ಲಿ ಕರಗದು, ಆದ್ದರಿಂದ ದೂರ ಸಾಗದು. ಪರಿಣಾಮವಾಗಿ ಶಕ್ತಿಯುತವಾದ ತೈಲವೂ ಕಿರಿದಾದ ವಲಯವನ್ನು ಕೊಡಬಹುದು. ಎರಡು ತೈಲಗಳ ವಲಯಗಳನ್ನು ಹೋಲಿಸಿ ದೊಡ್ಡದರದೇ ಹೆಚ್ಚು ಬಲವೆಂದು ತೀರ್ಮಾನಿಸಿದರೆ, ತೈಲಗಳ ಬಲವನ್ನಲ್ಲ, ಅವು ನೀರಿನಲ್ಲಿ ಹರಡುವ ಸಾಮರ್ಥ್ಯವನ್ನೇ ಹೋಲಿಸಿದಂತಾಗಬಹುದು.

ಎರಡನೆಯದು ಆವಿ. ಒಂದೇ ತಟ್ಟೆಯಲ್ಲಿ ನಾಲ್ಕು ತೈಲಗಳ ಬಿಲ್ಲೆಗಳನ್ನಿಟ್ಟರೆ, ಒಂದರ ಆವಿ ಮುಚ್ಚಳದಡಿ ಹಬ್ಬಿ ಇನ್ನೊಂದರ ಸುತ್ತಲೂ ಪರಿಣಾಮ ಬೀರುತ್ತದೆ. ದುರ್ಬಲವಾದ ತೈಲವು ನೆರೆಯ ತೈಲದ ಬಲದಿಂದ ಮೆರೆಯುವ ಸಂಭವ ಇಲ್ಲಿದೆ. ಆದಕಾರಣ ಒಂದು ತಟ್ಟೆಗೆ ಒಂದೇ ತೈಲ ಎಂಬ ನಿಯಮ ಲೇಸು. ಆವಿಯ ಪರಿಣಾಮವನ್ನೇ ತಿಳಿಯಬೇಕೆಂದಿದ್ದರೆ, ತೈಲದ ಬಿಲ್ಲೆಯನ್ನು ಅಗಾರಿಗೆ ತಾಗಿಸದೆ ಮುಚ್ಚಳದ ಒಳಮೈಗೆ ಅಂಟಿಸಿ ತಟ್ಟೆಯನ್ನು ಬೋರಲಾಗಿಡುವ ಪ್ರತ್ಯೇಕ ಕ್ರಮವುಂಟು.

ಮೂರನೆಯದು ಪ್ರಮಾಣ. ಉದಾಹರಣೆಗಾಗಿ, ಮಜ್ಜಿಗೆಹುಲ್ಲಿನ ತೈಲದ ಬಿಲ್ಲೆಯೂ ಜೆಂಟಮೈಸಿನ್ ಬಿಲ್ಲೆಯೂ 22 ಮಿಲಿಮೀಟರಿನ ಸಮಾನ ವಲಯಗಳನ್ನು ಕೊಟ್ಟವೆಂದು ಭಾವಿಸೋಣ. ತೈಲವು ಔಷಧಕ್ಕೆ ಸಾಟಿಯಾಯಿತೆಂದು ವಿದ್ಯಾರ್ಥಿ ಹಿಗ್ಗಬಹುದು. ಆದರೆ 10 ಮೈಕ್ರೋಲೀಟರ್ ತೈಲದ ತೂಕ ಸುಮಾರು 9 ಮಿಲಿಗ್ರಾಂ, ಎಂದರೆ 9,000 ಮೈಕ್ರೋಗ್ರಾಂ. ಜೆಂಟಮೈಸಿನ್ ಇದ್ದದ್ದು 10 ಮೈಕ್ರೋಗ್ರಾಂ ಮಾತ್ರ. ತೂಕದಲ್ಲಿ 900 ಪಟ್ಟು ಅಂತರವಿರುವ ಎರಡು ವಸ್ತುಗಳ ಉಂಗುರಗಳು ಸಮನಾಗಿ ಕಂಡರೆ, ಅದರಿಂದ ಸಮಾನತೆ ಸಿದ್ಧವಾಗುವುದಿಲ್ಲ. ಪ್ರತಿಜೈವಿಕಗಳ ವಲಯದ ಅಳತೆಯನ್ನು ರೋಗಿಯ ಚಿಕಿತ್ಸೆಗೆ ಸಂಬಂಧಿಸುವ ಪಟ್ಟಿಗಳಿವೆ; ಸುಗಂಧ ತೈಲಗಳಿಗೆ ಅಂತಹ ಅಂಗೀಕೃತ ಪಟ್ಟಿ ಇಲ್ಲ.

ಕನಿಷ್ಠ ಪ್ರತಿಬಂಧಕ ಪ್ರಮಾಣ

ತಟ್ಟೆಯ ಪರೀಕ್ಷೆ ಹೀಗೆ ಮೊದಲ ಶೋಧನೆಗೆ ಮಾತ್ರ ತಕ್ಕದ್ದು. ಅದರಲ್ಲಿ ಭರವಸೆ ತೋರಿದ ತೈಲವನ್ನು ದ್ರವ ಮಾಧ್ಯಮದಲ್ಲಿ ಮತ್ತೆ ಪರೀಕ್ಷಿಸಬೇಕು. ಪೋಷಕ ದ್ರವದ ಕೊಳವೆಗಳನ್ನು ಸಾಲಾಗಿ ಇಟ್ಟು, ಮೊದಲನೆಯದರಲ್ಲಿ ಶೇಕಡ 2, ಅನಂತರ 1, 0.5, 0.25, 0.125 ಹೀಗೆ ಪ್ರತಿ ಹೆಜ್ಜೆಗೂ ಅರ್ಧಕ್ಕೆ ಇಳಿಯುವಂತೆ ತೈಲವನ್ನು ಬೆರೆಸಿ, ಎಲ್ಲಕ್ಕೂ ಸಮಪ್ರಮಾಣದ ಬ್ಯಾಕ್ಟೀರಿಯವನ್ನು ಹಾಕುತ್ತಾರೆ. ಎಣ್ಣೆ ನೀರಿನೊಡನೆ ಬೆರೆಯಲೆಂದು ಟ್ವೀನ್-80ರಂತಹ ದ್ರವ್ಯವನ್ನು ಅತ್ಯಲ್ಪವಾಗಿ ಸೇರಿಸುವುದುಂಟು. ಅದು ಮಾತ್ರ ಇರುವ ಕೊಳವೆಯೊಂದನ್ನೂ ಸಾಲಿನಲ್ಲಿ ಇಡಬೇಕು. ಮರುದಿನ ಬೆಳವಣಿಗೆ ಕಾಣದ ಕೊಳವೆಗಳಲ್ಲಿ ಅತ್ಯಂತ ಕಡಿಮೆ ತೈಲವುಳ್ಳದ್ದು ಯಾವುದೋ ಅದರ ಪ್ರಮಾಣವೇ ಕನಿಷ್ಠ ಪ್ರತಿಬಂಧಕ ಪ್ರಮಾಣ.

ಮೇಲಿನ ಉದಾಹರಣೆಯನ್ನೇ ಮುಂದುವರಿಸಿ, 0.125ರಲ್ಲಿ ಬೆಳವಣಿಗೆ ಕಂಡು 0.25ರಲ್ಲಿ ಕಾಣಲಿಲ್ಲವೆನ್ನೋಣ. ಶೇಕಡ 0.25 ಎಂದರೆ ಪ್ರತಿ ಮಿಲಿಲೀಟರಿಗೆ 2.5 ಮೈಕ್ರೋಲೀಟರ್, ತೂಕದಲ್ಲಿ ಸುಮಾರು 2,200 ಮೈಕ್ರೋಗ್ರಾಂ. ಮಾದರಿ ತಳಿಯ ಎಶ್ಚೆರಿಶಿಯ ಕೋಲೈಗೆ ಜೆಂಟಮೈಸಿನ್ ಸಾಕಾಗುವುದು ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಅಥವಾ ಅದಕ್ಕೂ ಕಡಿಮೆ. ಇನ್ನೂ ಒಂದು ಪ್ರಶ್ನೆ ಉಳಿದಿದೆ: ಬೆಳೆಯದ ಬ್ಯಾಕ್ಟೀರಿಯ ಸತ್ತಿದೆಯೋ ಸುಮ್ಮನೆ ತಡೆಹಿಡಿಯಲ್ಪಟ್ಟಿದೆಯೋ? ಇದನ್ನು ತಿಳಿಯಲು ಆ ತಿಳಿಯಾದ ಕೊಳವೆಗಳಿಂದ ಒಂದೊಂದು ಹನಿಯನ್ನು ತೈಲವಿಲ್ಲದ ಹೊಸ ಅಗಾರಿಗೆ ಹಾಕಿ ನೋಡುತ್ತಾರೆ. ಅಲ್ಲಿ ಮತ್ತೆ ಬೆಳೆದರೆ ತೈಲ ತಡೆದಿತ್ತು, ಬೆಳೆಯದಿದ್ದರೆ ಕೊಂದಿತ್ತು.

ತಟ್ಟೆಯಿಂದ ಹೊಲಕ್ಕೆ

ಹಾಸನ ಸೀಮೆಯ ರೈತನಿಗೆ ಈ ಪರೀಕ್ಷೆ ಪರಕೀಯ ವಿಷಯವಲ್ಲ. ಶುಂಠಿ, ಆಲೂಗೆಡ್ಡೆ, ಟೊಮೆಟೊ ಬೆಳೆಗಳನ್ನು ಕಾಡುವ ದುಂಡಾಣು ಸೊರಗು ರೋಗಕ್ಕೆ ಕಾರಣ ರಾಲ್‌ಸ್ಟೋನಿಯ ಕುಲಕ್ಕೆ ಸೇರಿದ ಬ್ಯಾಕ್ಟೀರಿಯ. ಮಣ್ಣಿನಲ್ಲಿಯೂ ಬಿತ್ತನೆಯ ಗೆಡ್ಡೆಯಲ್ಲಿಯೂ ಉಳಿದು, ಹರಿಯುವ ನೀರಿನೊಡನೆ ಹೊಲದಿಂದ ಹೊಲಕ್ಕೆ ಸಾಗಿ, ಹಸಿರಾಗಿದ್ದ ಗಿಡವನ್ನು ಕೆಲವೇ ದಿನಗಳಲ್ಲಿ ಬಾಡಿಸುವ ಈ ರೋಗಕ್ಕೆ ಸುಲಭವಾದ ಮದ್ದಿಲ್ಲ. ರೋಗವನ್ನು ಗುರುತಿಸುವ ಉಪಾಯ ಮಾತ್ರ ಸರಳ. ಬಾಡಿದ ಗಿಡದ ಕಾಂಡವನ್ನು ಅಡ್ಡಲಾಗಿ ಕತ್ತರಿಸಿ ತಿಳಿನೀರಿನ ಲೋಟದಲ್ಲಿ ತೂಗಿಬಿಟ್ಟರೆ, ಕೆಲ ನಿಮಿಷಗಳಲ್ಲಿ ಹಾಲಿನ ಎಳೆಯಂತಹ ದ್ರವ ಕೆಳಗಿಳಿಯುತ್ತದೆ. ಆ ಎಳೆಯೇ ಲಕ್ಷಾಂತರ ಬ್ಯಾಕ್ಟೀರಿಯಗಳ ಸಮೂಹ. ಶಿಲೀಂಧ್ರದಿಂದ ಬರುವ ಕೊಳೆರೋಗದಲ್ಲಿ ಇಂತಹ ಎಳೆ ಕಾಣದು.

ಅಮೆರಿಕದ ಫ್ಲಾರಿಡಾದಲ್ಲಿ ವಿಜ್ಞಾನಿಗಳು ಇದೇ ರೋಗದ ಮೇಲೆ ಸುಗಂಧ ತೈಲಗಳನ್ನು ಪರೀಕ್ಷಿಸಿದರು. ಥೈಮಾಲ್ ಮತ್ತು ಪಾಮರೋಸ ಹುಲ್ಲಿನ ತೈಲ ರೋಗಾಣುಯುಕ್ತ ಮಣ್ಣಿನಲ್ಲಿ ಬ್ಯಾಕ್ಟೀರಿಯಗಳ ಸಂಖ್ಯೆಯನ್ನೂ ಟೊಮೆಟೊ ಸಸಿಗಳು ಸೊರಗುವುದನ್ನೂ ತಗ್ಗಿಸಿದವೆಂದು 2003ರಲ್ಲಿ ವರದಿಮಾಡಿದರು. ಅದು ಹಸಿರುಮನೆಯ ಕುಂಡಗಳ ಮಾತು. ಅದರಲ್ಲಿ ಗೆದ್ದ ಥೈಮಾಲನ್ನು ಹೊಲದಲ್ಲಿ, ನಾಟಿಗೆ ಮುನ್ನವೇ ಮಣ್ಣಿಗೆ ಸೇರಿಸಿ ಪರೀಕ್ಷಿಸಿದ ಫಲಿತಾಂಶ ಪ್ರಕಟವಾದದ್ದು 2005ರಲ್ಲಿ. ಅಲ್ಲಿಯೂ ರೋಗ ತಗ್ಗಿತು. ತಟ್ಟೆ, ಕುಂಡ, ಹೊಲ ಎಂಬ ಮೂರು ಮೆಟ್ಟಿಲುಗಳಲ್ಲಿ ಒಂದನ್ನೂ ಬಿಡದೆ ಏರಿದುದೇ ಈ ಕೆಲಸದ ಹಿರಿಮೆ. ಟೊಮೆಟೊವಿನಲ್ಲಿ ದೊರೆತ ಫಲವನ್ನು ಶುಂಠಿಗೆ ಹಾಗೆಯೇ ಅನ್ವಯಿಸುವಂತಿಲ್ಲ. ಬ್ಯಾಕ್ಟೀರಿಯಕ್ಕೆ ಮಾರಕವಾದ ತೈಲ ಎಳೆಯ ಬೇರಿಗೂ ಮಣ್ಣಿನ ಉಪಕಾರಿ ಜೀವಿಗಳಿಗೂ ಮಾರಕವಾಗಬಹುದು. ಎಕರೆಗೆ ತಗಲುವ ವೆಚ್ಚವನ್ನೂ ಎಣಿಸಬೇಕು. ಅಂಗಡಿಯಲ್ಲಿ ಯಾರೋ ಹೇಳಿದ ತೈಲವನ್ನು ಸಾಲಮಾಡಿ ತಂದು ಇಡೀ ಶುಂಠಿ ಹೊಲಕ್ಕೆ ಸುರಿಯುವ ಮುನ್ನ, ಒಂದು ಮಡಿಗೆ ಹಾಕಿ ಪಕ್ಕದ ಮಡಿಯನ್ನು ಹಾಗೆಯೇ ಬಿಟ್ಟು ಹೋಲಿಸಿ ನೋಡುವ ರೈತನು ಪ್ರಯೋಗಾಲಯದ ಮುಖ್ಯ ಪಾಠವನ್ನು ಕಲಿತವನೇ ಆಗುತ್ತಾನೆ.

ತಟ್ಟೆಯಿಂದ ದೇಹಕ್ಕೆ

ಮನುಷ್ಯನ ದೇಹದ ವಿಚಾರದಲ್ಲಿ ಎಚ್ಚರ ಇನ್ನೂ ಹೆಚ್ಚಾಗಿರಬೇಕು. ತಟ್ಟೆಯಲ್ಲಿ ಬ್ಯಾಕ್ಟೀರಿಯವೂ ತೈಲವೂ ಎದುರುಬದುರಾಗಿ ಇರುತ್ತವೆ. ದೇಹದಲ್ಲಿ ನುಂಗಿದ ತೈಲವು ಜಠರ, ಯಕೃತ್ತು, ರಕ್ತಗಳನ್ನು ದಾಟಿ, ಅಲ್ಲಲ್ಲಿ ಕೊಬ್ಬಿಗೂ ಪ್ರೋಟೀನಿಗೂ ಅಂಟಿಕೊಂಡು, ಮಾರ್ಪಟ್ಟು, ಸೋಂಕಿನ ಸ್ಥಾನಕ್ಕೆ ತಲಪುವುದು ಅತ್ಯಲ್ಪ. ತಟ್ಟೆಯಲ್ಲಿ ಬೇಕಾದ ಪ್ರಮಾಣವನ್ನು ರಕ್ತದಲ್ಲಿ ಸಾಧಿಸಹೊರಟರೆ ಬ್ಯಾಕ್ಟೀರಿಯಕ್ಕಿಂತ ಮೊದಲು ರೋಗಿಗೇ ಅಪಾಯ. ನೀಲಗಿರಿ ಎಣ್ಣೆ ಮತ್ತು ಕರ್ಪೂರಗಳನ್ನು ನುಂಗಿದ ಚಿಕ್ಕ ಮಕ್ಕಳಿಗೆ ಸೆಳವು ಬರುವುದು ವೈದ್ಯಶಾಸ್ತ್ರದಲ್ಲಿ ಬಹುಕಾಲದಿಂದ ದಾಖಲಾಗಿದೆ. ಇವೆರಡರ ಬಳಕೆಗೂ ಸೆಳವಿಗೂ ಇರುವ ಸಂಬಂಧವನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ಇತ್ತೀಚಿನ ವರ್ಷಗಳಲ್ಲಿ ವಯಸ್ಕರಲ್ಲಿಯೂ ಗುರುತಿಸಿ ಪ್ರಕಟಿಸಿದ್ದಾರೆ. ಗಿಡದಿಂದ ಬಂದುದೆಲ್ಲ ನಿರಪಾಯಕರ ಎಂಬ ಭಾವನೆಗೆ ಇಲ್ಲಿ ಆಧಾರವಿಲ್ಲ. ಹತ್ತಾರು ಎಲೆಗಳ ಕಷಾಯಕ್ಕೂ ಕಿಲೋಗಟ್ಟಲೆ ಎಲೆಯಿಂದ ಇಳಿಸಿದ ಶುದ್ಧ ತೈಲಕ್ಕೂ ಅಜಗಜಾಂತರವಿದೆ.

ಹಾಗೆಂದು ಈ ಅಧ್ಯಯನ ವ್ಯರ್ಥವೆಂದು ತಿಳಿಯಬಾರದು. ಬಳಕೆಯಲ್ಲಿರುವ ಪ್ರತಿಜೈವಿಕಗಳಿಗೆ ಬ್ಯಾಕ್ಟೀರಿಯಗಳು ಒಗ್ಗಿಕೊಂಡು ಪ್ರತಿರೋಧ ಬೆಳೆಸಿಕೊಳ್ಳುತ್ತಿರುವುದು ಇಂದಿನ ವೈದ್ಯಲೋಕದ ದೊಡ್ಡ ಆತಂಕ. ಹೊಸ ದ್ರವ್ಯಗಳ ಹುಡುಕಾಟದಲ್ಲಿ ಸಸ್ಯಲೋಕವೂ ಒಂದು ಭಂಡಾರ. ಥೈಮಾಲ್ ಬಾಯಿ ಮುಕ್ಕಳಿಸುವ ದ್ರವಗಳಲ್ಲಿ, ಯೂಜಿನಾಲ್ ದಂತವೈದ್ಯರ ಲೇಪಗಳಲ್ಲಿ ಇಂದಿಗೂ ಸ್ಥಾನ ಪಡೆದಿವೆ. ಇವು ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ತಮಗೆ ತಕ್ಕ ಜಾಗವನ್ನೂ ತಕ್ಕ ಪ್ರಮಾಣವನ್ನೂ ಕಂಡುಕೊಂಡ ದ್ರವ್ಯಗಳು. ಫ್ಲೆಮಿಂಗನು 1928ರಲ್ಲಿ ತಟ್ಟೆಯಲ್ಲಿ ಕಂಡದ್ದು ರೋಗಿಯ ರಕ್ತಕ್ಕೆ ಔಷಧವಾಗಿ ತಲಪಿದ್ದು 1941ರಲ್ಲಿ, ಅದೂ ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೈನ್ ಮೊದಲಾದವರ ವರ್ಷಗಳ ಪರಿಶ್ರಮದ ಅನಂತರ. ಅತ್ಯುತ್ತಮ ಔಷಧಕ್ಕೂ ಇಷ್ಟು ದೂರದ ಹಾದಿಯಿತ್ತು.

ಶಾಲೆಯಲ್ಲಿ ಮಾಡಬಹುದಾದ ಪ್ರಯೋಗ

ರೋಗಕಾರಕ ಬ್ಯಾಕ್ಟೀರಿಯಗಳನ್ನು ಶಾಲೆಯಲ್ಲಿ ಎಂದಿಗೂ ಬೆಳೆಸಕೂಡದು. ಅದು ಸುರಕ್ಷಿತ ಸಲಕರಣೆಗಳೂ ತರಬೇತಾದ ಮಾರ್ಗದರ್ಶಕರೂ ಇರುವ ಕಾಲೇಜು, ಸಂಸ್ಥೆಗಳ ಕೆಲಸ. ಆದರೆ ಪರೀಕ್ಷೆಯ ತತ್ತ್ವವನ್ನು ಅರಿಯಲು ಪ್ರತಿ ಮನೆಯಲ್ಲಿಯೂ ನಿರುಪದ್ರವಿ ಬ್ಯಾಕ್ಟೀರಿಯವೊಂದು ದಿನವೂ ಕೆಲಸಮಾಡುತ್ತಿದೆ. ಹಾಲನ್ನು ಮೊಸರಾಗಿಸುವ ಹೆಪ್ಪಿನಲ್ಲಿರುವುದು ಅದೇ.

ಕಾಯಿಸಿ ಉಗುರುಬೆಚ್ಚಗೆ ಆರಿಸಿದ 100 ಮಿಲಿಲೀಟರ್ ಹಾಲನ್ನು ನಾಲ್ಕು ಬಟ್ಟಲುಗಳಿಗೆ ಸಮನಾಗಿ ಹಾಕಬೇಕು. ಮೊದಲನೆಯದಕ್ಕೆ ಹೆಪ್ಪು ಬೇಡ. ಎರಡನೆಯದಕ್ಕೆ ಒಂದು ಚಮಚ ಹೆಪ್ಪು. ಮೂರನೆಯದಕ್ಕೆ ಅಷ್ಟೇ ಹೆಪ್ಪು ಮತ್ತು 5 ಹನಿ ತೆಂಗಿನೆಣ್ಣೆ. ನಾಲ್ಕನೆಯದಕ್ಕೆ ಅಷ್ಟೇ ಹೆಪ್ಪು ಮತ್ತು 5 ಹನಿ ಲವಂಗದೆಣ್ಣೆ. ನಾಲ್ಕನ್ನೂ ಮುಚ್ಚಿ, ಆವಿ ಒಂದರಿಂದ ಇನ್ನೊಂದಕ್ಕೆ ಹರಡದಂತೆ ದೂರದೂರದಲ್ಲಿ, ಒಂದೇ ಬಗೆಯ ಬೆಚ್ಚನೆಯ ಜಾಗದಲ್ಲಿಟ್ಟು, ನಾಲ್ಕನೆಯ ಗಂಟೆಯಿಂದ ಗಂಟೆಗೊಮ್ಮೆ ನೋಡಿ ಬರೆದುಕೊಳ್ಳಬೇಕು. ಅನಂತರ ಕೆನೆ ತೆಗೆದ ಹಾಲಿನಲ್ಲಿ ಇದನ್ನೇ ಮತ್ತೆ ಮಾಡಿ, ಹಾಲಿನ ಕೊಬ್ಬು ತೈಲವನ್ನು ಹೀರಿಕೊಂಡು ಅದರ ಬಲವನ್ನು ಕುಂದಿಸುತ್ತದೆಯೆ ಎಂದು ಪರಿಶೀಲಿಸಬಹುದು. ಯಾವ ಬಟ್ಟಲಿಗೆ ಏನು ಹಾಕಿದೆಯೆಂಬುದನ್ನು ಒಬ್ಬ ವಿದ್ಯಾರ್ಥಿ ಮಾತ್ರ ತಿಳಿದಿದ್ದು, ಫಲವನ್ನು ಬರೆಯುವವನು ಬೇರೊಬ್ಬನಾದರೆ ಪಕ್ಷಪಾತಕ್ಕೆ ಎಡೆಯಿರದು; ವಾಸನೆ ಗುಟ್ಟನ್ನು ಬಯಲುಮಾಡದಂತೆ ಬಟ್ಟಲನ್ನು ಮುಚ್ಚಿದ ಗಾಜಿನ ಮೂಲಕವೇ ನೋಡುವುದು ಒಳ್ಳೆಯದು. ಇದನ್ನು ಮೂರು ಬೇರೆ ದಿನಗಳಲ್ಲಿ ಮಾಡಿ ಹೋಲಿಸಬೇಕು. ಪ್ರಯೋಗದ ಹಾಲನ್ನಾಗಲಿ ಮೊಸರನ್ನಾಗಲಿ ಯಾರೂ ಸೇವಿಸಬಾರದು. ಲವಂಗದೆಣ್ಣೆ ಕಣ್ಣಿಗೂ ಚರ್ಮಕ್ಕೂ ತಾಗದಂತೆ ಅಧ್ಯಾಪಕರ ಸಮ್ಮುಖದಲ್ಲಿಯೇ ಬಳಸಬೇಕು.

ನಾಲ್ಕು ಬಟ್ಟಲುಗಳಲ್ಲಿ ಮುಖ್ಯವಾದದ್ದು ಲವಂಗದೆಣ್ಣೆಯ ಬಟ್ಟಲೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಹೆಪ್ಪಿಲ್ಲದ ಬಟ್ಟಲಿಲ್ಲದಿದ್ದರೆ ಹಾಲು ತಾನಾಗಿಯೇ ಒಡೆಯಿತೆ ಎಂಬುದು ತಿಳಿಯದು. ಬರಿಯ ಹೆಪ್ಪಿನ ಬಟ್ಟಲಿಲ್ಲದಿದ್ದರೆ ಹೆಪ್ಪು ಸಜೀವವಾಗಿತ್ತೆ ಎಂಬುದು ತಿಳಿಯದು. ತೆಂಗಿನೆಣ್ಣೆಯ ಬಟ್ಟಲಿಲ್ಲದಿದ್ದರೆ ಯಾವ ಎಣ್ಣೆಯಾದರೂ ಹೀಗೆಯೇ ಮಾಡುತ್ತಿತ್ತೆ ಎಂಬುದು ತಿಳಿಯದು.

ಉಪಸಂಹಾರ

ಹಿತ್ತಿಲ ಗಿಡದ ಗುಣವನ್ನು ಹೊಗಳುವುದಾಗಲಿ ತೆಗಳುವುದಾಗಲಿ ಪ್ರಯೋಗಾಲಯದ ಉದ್ದೇಶವಲ್ಲ. ಯಾವ ಗಿಡ, ಯಾವ ಘಟಕ, ಎಷ್ಟು ಪ್ರಮಾಣ, ಯಾವ ಬ್ಯಾಕ್ಟೀರಿಯ, ಯಾವುದಕ್ಕೆ ಹೋಲಿಸಿ ಎಂಬ ಐದು ಪ್ರಶ್ನೆಗಳಿಗೆ ಉತ್ತರವಿಲ್ಲದ ಯಾವ ಹೇಳಿಕೆಯನ್ನೂ, ಅದು ಜಾಹೀರಾತಿನಲ್ಲಿ ಬಂದಿರಲಿ, ಹಿರಿಯರ ಬಾಯಿಂದ ಬಂದಿರಲಿ, ಪೂರ್ಣ ಸತ್ಯವೆಂದು ಅದು ಸ್ವೀಕರಿಸುವುದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹೊಲ, ಬೇಲಿ, ಹಿತ್ತಿಲುಗಳಲ್ಲಿ ಈ ಐದು ಪ್ರಶ್ನೆಗಳಿಗೆ ಕಾದಿರುವ ಗಿಡಗಳು ಅನೇಕ. ಅವುಗಳ ಹೆಸರು, ಬಳಕೆಗಳನ್ನು ಊರಿನ ಹಿರಿಯರಿಂದ ಕೇಳಿ ಬರೆದಿಡುವ ಕೆಲಸ ಇಂದೇ ಆರಂಭವಾಗಬಹುದು. ಮುಂದೆ ಕಾಲೇಜಿನ ಪ್ರಯೋಗಾಲಯವನ್ನು ಸೇರುವ ದಿನ ವಿದ್ಯಾರ್ಥಿಯ ಕೈಯಲ್ಲಿ ಆ ಪಟ್ಟಿಯೂ, ಅದರೊಡನೆ ಹೋಲಿಸಿ ನೋಡದೆ ನಂಬದ ಅಭ್ಯಾಸವೂ ಇರುವುದಾದರೆ, ಈ ಪಾಠದ ಉದ್ದೇಶ ಸಫಲವಾದಂತೆ.